ಚೆನ್ನೈ ಕನ್ನಡ ವ್ಯಾಪಾರಿಗಳಿಗೆ ತೆರಿಗೆ ಉಳಿತಾಯದ ಕೆಲವು ದಾರಿಗಳು

ಚೆನ್ನೈ ಮಹಾನಗರದಲ್ಲಿ ಕನ್ನಡಿಗರೆಂದೊಡನೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಉಡುಪಿ ಹೋಟೆಲು. ಅದರ ಜೊತೆಗೆ ಕಾಫಿಪುಡಿ ಅಂಗಡಿ, ತಿಂಡಿತಿನಿಸಿನ ಮಳಿಗೆ, ಮದುವೆ ಮುಂಜಿಗಳ ಅಡುಗೆ ಗುತ್ತಿಗೆ, ಮನೆಯಲ್ಲೇ ನಡೆಯುವ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ವ್ಯಾಪಾರ ಎಲ್ಲವೂ ಉಂಟು. ಇವರಲ್ಲಿ ಬಹಳ ಮಂದಿ ತೆರಿಗೆಯ ವಿಚಾರವನ್ನು ಪೂರ್ತಿಯಾಗಿ ಆಡಿಟರರ ಮೇಲೆ ಬಿಟ್ಟು, ಅವರು ತೋರಿಸಿದ ಕಡೆ ಸಹಿ ಮಾಡಿ, ಮಾರ್ಚ್ ತಿಂಗಳಲ್ಲಿ ಒಂದು ವಿಮಾ ಪಾಲಿಸಿಯನ್ನು ಕೊಂಡು ತೆರಿಗೆ ಉಳಿಯಿತೆಂದು ನೆಮ್ಮದಿಯಾಗಿರುತ್ತಾರೆ. ಈಚಿನ ವರ್ಷಗಳಲ್ಲಿ ಕಾನೂನು ಬಹಳವಾಗಿ ಬದಲಾಗಿದೆ. ಹಳೆಯ ಉಪಾಯಗಳಲ್ಲಿ ಕೆಲವು ಈಗ ನಿರರ್ಥಕ; ಕೆಲವರ ಗಮನಕ್ಕೇ ಬಾರದ ಹೊಸ ಸೌಲಭ್ಯಗಳು ಲಕ್ಷಗಟ್ಟಲೆ ಹಣವನ್ನು ಉಳಿಸಬಲ್ಲವು. ಸಣ್ಣ ವ್ಯಾಪಾರಿಗಳಾದ ನಮ್ಮ ಓದುಗರಿಗೆ ಉಪಯೋಗವಾಗಲೆಂದು ಅಂಥ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ. ನಾವು ಹೇಳುವುದು ತೆರಿಗೆಯನ್ನು ಕಾನೂನಿನ ಒಳಗೇ ಉಳಿಸುವ ಮಾತನ್ನು. ಗಲ್ಲಾಪೆಟ್ಟಿಗೆಗೆ ಬಂದದ್ದನ್ನು ಲೆಕ್ಕಕ್ಕೆ ತೋರಿಸದಿರುವ ಮಾತನ್ನಲ್ಲ.

ವ್ಯಾಪಾರಿಗೂ ತೆರಿಗೆಗೂ ಈ ಊರಿನಲ್ಲಿ ಹಳೆಯ ನಂಟಿದೆ. ಸಾಮಾನ್ಯ ಮಾರಾಟ ತೆರಿಗೆಯನ್ನು ಭಾರತದಲ್ಲಿ ಮೊದಲು ಜಾರಿಗೆ ತಂದದ್ದು ಮದರಾಸು ಪ್ರಾಂತ್ಯವೇ. ಪಾನನಿಷೇಧದಿಂದ ಬೊಕ್ಕಸಕ್ಕಾದ ನಷ್ಟವನ್ನು ತುಂಬಿಕೊಳ್ಳಲು ರಾಜಾಜಿಯವರ ಸರಕಾರ 1939ರಲ್ಲಿ ಈ ಕಾಯಿದೆಯನ್ನು ತಂದಿತು. ಕಡಂದಲೆಯ ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದದ್ದು ಅದರ ಹಿಂದಿನ ವರ್ಷ, 1938ರಲ್ಲಿ. ಕುಡಿತ ಬಿಟ್ಟವರ ಪಾಲಿನ ತೆರಿಗೆಯನ್ನು ಕಾಫಿ ಕುಡಿಯುವವರು ಕಟ್ಟಬೇಕಾಯಿತೆಂದು ಹಾಸ್ಯಕ್ಕೆ ಹೇಳಬಹುದು. ಆ ಮಾರಾಟ ತೆರಿಗೆಯ ಜಾಗಕ್ಕೆ ತಮಿಳುನಾಡಿನಲ್ಲಿ 2007ರ ಜನವರಿ 1ರಿಂದ ಮೌಲ್ಯವರ್ಧಿತ ತೆರಿಗೆಯೂ 2017ರ ಜುಲೈ 1ರಿಂದ ದೇಶಾದ್ಯಂತ ಜಿಎಸ್‌ಟಿಯೂ ಬಂದವು. ಆದಾಯ ತೆರಿಗೆಯಲ್ಲಿಯೂ 1961ರ ಕಾಯಿದೆಯ ಸ್ಥಾನವನ್ನು 2025ರ ಹೊಸ ಕಾಯಿದೆ ತೆಗೆದುಕೊಳ್ಳುವುದು 2026ರ ಏಪ್ರಿಲ್ 1ರಿಂದ. ಆ ದಿನಕ್ಕೆ ಹಿಂದಿನ ವರ್ಷಗಳ ಲೆಕ್ಕಕ್ಕೆ ಹಳೆಯ ಕಾಯಿದೆಯೇ ಅನ್ವಯವಾಗುತ್ತದೆ. ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ಸಣ್ಣ ವ್ಯಾಪಾರಿಗೆ ಮುಖ್ಯವಾದ ತತ್ತ್ವಗಳು ಹೆಚ್ಚು ಬದಲಾಗಿಲ್ಲ. ಎಲ್ಲರ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇರುವುದರಿಂದ ನಾವೂ ಅವನ್ನೇ ಬಳಸಿದ್ದೇವೆ.

ಅಂದಾಜು ಆದಾಯದ ಪದ್ಧತಿ

ಸಣ್ಣ ವ್ಯಾಪಾರಿಗೆ ಕಾನೂನು ಕೊಟ್ಟಿರುವ ಅತಿ ದೊಡ್ಡ ಅನುಕೂಲ ಹಳೆಯ ಕಾಯಿದೆಯ 44ಎಡಿ ಕಲಮು. ಹೊಸ ಕಾಯಿದೆಯಲ್ಲಿ ಇದು 58ನೆಯ ಕಲಮಿನೊಳಗೆ ಸೇರಿದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿಯನ್ನು ಮೀರದಿದ್ದರೆ ಖರ್ಚುವೆಚ್ಚಗಳ ಪುಸ್ತಕವನ್ನು ಇಡದೆ, ಆಡಿಟ್ ಮಾಡಿಸದೆ, ವಹಿವಾಟಿನ ಶೇಕಡಾ 8ರಷ್ಟನ್ನು ಲಾಭವೆಂದು ತೋರಿಸಿ ಅದಕ್ಕೆ ಮಾತ್ರ ತೆರಿಗೆ ಕಟ್ಟಬಹುದು. ಬ್ಯಾಂಕಿನ ಮೂಲಕ, ಅಂದರೆ ಖಾತೆಗೆ ಜಮೆಯಾಗುವ ಚೆಕ್ಕು, ಕಾರ್ಡು, ಯುಪಿಐ ಮೊದಲಾದ ಮಾರ್ಗಗಳಿಂದ ಬಂದ ಹಣಕ್ಕೆ ಈ ದರ ಶೇಕಡಾ 6 ಮಾತ್ರ. ಒಟ್ಟು ಜಮೆಯಲ್ಲಿ ನಗದು ಶೇಕಡಾ 5ನ್ನು ಮೀರದಿದ್ದರೆ ವಹಿವಾಟಿನ ಮಿತಿ 3 ಕೋಟಿಗೆ ಏರುತ್ತದೆ. ಇದು 2023-24ರ ಹಣಕಾಸು ವರ್ಷದಿಂದ ಬಂದ ಅನುಕೂಲ.

ಶೇಕಡಾ 6ಕ್ಕೂ 8ಕ್ಕೂ ಎಷ್ಟು ವ್ಯತ್ಯಾಸವೆಂದು ಕೇಳುವವರಿಗೆ ಒಂದು ಲೆಕ್ಕ. ಮೈಲಾಪುರದಲ್ಲೋ ಮಾಂಬಳದಲ್ಲೋ ಒಬ್ಬರೇ ಮಾಲೀಕರಾಗಿರುವ ಒಂದು ಹೋಟೆಲು. ದಿನಕ್ಕೆ ಸುಮಾರು 55 ಸಾವಿರ ರೂಪಾಯಿಯ ವ್ಯಾಪಾರ. ವರ್ಷಕ್ಕೆ 2 ಕೋಟಿ. ಮಾಲೀಕರಿಗೆ ಬೇರೆ ಆದಾಯವಿಲ್ಲ. ಹಣವೆಲ್ಲ ನಗದಾಗಿಯೇ ಬಂದರೆ ಅವರ ಅಂದಾಜು ಆದಾಯ 16 ಲಕ್ಷ. 2025-26ರಿಂದ ಅನ್ವಯವಾಗುವ ಹೊಸ ದರಗಳಂತೆ ತೆರಿಗೆ 1,20,000 ರೂಪಾಯಿ, ಶೇಕಡಾ 4ರ ಸೆಸ್ ಸೇರಿ 1,24,800. ಅರ್ಧ ನಗದು, ಅರ್ಧ ಯುಪಿಐ ಆದರೆ ಆದಾಯ 14 ಲಕ್ಷ, ತೆರಿಗೆ 93,600. ಎಲ್ಲವೂ ಬ್ಯಾಂಕಿನ ಮೂಲಕ ಬಂದರೆ ಆದಾಯ 12 ಲಕ್ಷ. ಆ ಮಟ್ಟದವರೆಗೆ 60 ಸಾವಿರ ರೂಪಾಯಿಯ ರಿಯಾಯಿತಿ ದೊರೆಯುವುದರಿಂದ ತೆರಿಗೆ ಸೊನ್ನೆ. ಅದೇ ಇಡ್ಲಿ, ಅದೇ ಸಾಂಬಾರು, ಅದೇ ವ್ಯಾಪಾರ. ಹಣ ಬಂದ ದಾರಿ ಮಾತ್ರ ಬೇರೆ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಶೇಕಡಾ 6 ಮತ್ತು 8 ಎಂಬುವು ಕನಿಷ್ಠ ಪ್ರಮಾಣಗಳು. ನಿಜವಾದ ಲಾಭ ಇದಕ್ಕಿಂತ ಹೆಚ್ಚೆಂದು ಲೆಕ್ಕದಲ್ಲಿ ಕಾಣುತ್ತಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. ಬ್ಯಾಂಕಿನ ಬಡ್ಡಿ, ಬಾಡಿಗೆ ಮುಂತಾದ ಬೇರೆ ಆದಾಯವೂ 12 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ಈ ಪದ್ಧತಿಗೆ ಸೇರಿದವರು ಮುಂದಿನ 5 ವರ್ಷಗಳಲ್ಲಿ ಯಾವಾಗಲಾದರೂ ಇದಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಗೆ ಹೋದರೆ, ಆಮೇಲೆ 5 ವರ್ಷ ಒಳಗೆ ಬರುವಂತಿಲ್ಲ. ಆದಾಯವು ವಿನಾಯಿತಿಯ ಮಿತಿಗಿಂತ ಹೆಚ್ಚಿದ್ದರೆ ಪುಸ್ತಕವನ್ನೂ ಇಡಬೇಕು, ಆಡಿಟನ್ನೂ ಮಾಡಿಸಬೇಕು. ಲಾಭವಾದ ವರ್ಷ ಅಂದಾಜು, ನಷ್ಟವಾದ ವರ್ಷ ಪುಸ್ತಕ ಎಂಬ ಜಾಣತನಕ್ಕೆ ಕಾನೂನು ಎಡೆಗೊಟ್ಟಿಲ್ಲ. ಕಮಿಷನ್, ದಲ್ಲಾಳಿ, ಏಜೆನ್ಸಿ ವ್ಯವಹಾರದವರಿಗೂ ಎಲ್‌ಎಲ್‌ಪಿ, ಕಂಪನಿಗಳಿಗೂ ಈ ಪದ್ಧತಿ ಇಲ್ಲ. ವೈದ್ಯರು, ವಕೀಲರು, ಇಂಜಿನಿಯರುಗಳು ಮೊದಲಾದ ವೃತ್ತಿಯವರಿಗೆ ಬೇರೆ ಕಲಮಿದೆ. ಅವರು ಜಮೆಯ ಅರ್ಧವನ್ನು ಆದಾಯವೆಂದು ತೋರಿಸಬೇಕು.

ಅಡುಗೆ ಗುತ್ತಿಗೆಯವರಿಗೆ ಉಪಯೋಗವಾಗುವ ಒಂದು ಸಂಗತಿ ಕಾನೂನಿನಲ್ಲಿಯೇ ಅಡಗಿದೆ. ಮಾರ್ಚ್‌ನಲ್ಲಿ ನಡೆದ ಮದುವೆಯ ಬಾಕಿ ಹಣ ಏಪ್ರಿಲ್ ಮೇ ತಿಂಗಳುಗಳಲ್ಲಿ ಬರುವುದು ಸಾಮಾನ್ಯ. ರಿಟರ್ನ್ ಸಲ್ಲಿಸುವ ನಿಗದಿತ ದಿನದೊಳಗೆ ಅದು ಬ್ಯಾಂಕಿನ ಮೂಲಕ ಬಂದರೆ ಹಿಂದಿನ ವರ್ಷದ ಲೆಕ್ಕದಲ್ಲಿ ಅದಕ್ಕೂ ಶೇಕಡಾ 6ರ ದರವೇ ಸಿಕ್ಕುತ್ತದೆ. ಇನ್ನು ಮುಂಗಡ ತೆರಿಗೆ. ಇತರರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ನಾಲ್ಕು ಕಂತುಗಳಲ್ಲಿ ಕಟ್ಟಬೇಕಾದರೆ ಅಂದಾಜು ಪದ್ಧತಿಯವರು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಆ ದಿನ ತಪ್ಪಿದರೆ ಬಡ್ಡಿ ತಪ್ಪದು.

ಹೊಸ ದರವೋ ಹಳೆಯ ದರವೋ

2023-24ರಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿ. ಹಳೆಯದು ಬೇಕಾದವರು ಅದಕ್ಕಾಗಿ ಅರ್ಜಿ ಕೊಡಬೇಕು. ಹೊಸದರಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಅಲ್ಲಿಂದ ಮುಂದೆ ಪ್ರತಿ 4 ಲಕ್ಷಕ್ಕೂ ಶೇಕಡಾ 5, 10, 15, 20, 25 ಎಂದು ಏರುತ್ತ 24 ಲಕ್ಷದ ಮೇಲೆ ಶೇಕಡಾ 30. ಇಲ್ಲಿ ವಿಮೆ, ಭವಿಷ್ಯನಿಧಿ, ಮನೆ ಸಾಲದ ಬಡ್ಡಿ, ಆರೋಗ್ಯ ವಿಮೆ ಯಾವುದಕ್ಕೂ ಸಾಮಾನ್ಯವಾಗಿ ಕಡಿತವಿಲ್ಲ.

ಹಳೆಯದನ್ನು ಬಿಡಲೊಪ್ಪದವರಿಗೆ ಮತ್ತೊಂದು ಲೆಕ್ಕ. ವ್ಯಾಪಾರದ ಆದಾಯ 12 ಲಕ್ಷ. 80ಸಿ ಕಲಮಿನಲ್ಲಿ ಒಂದೂವರೆ ಲಕ್ಷ, ರಾಷ್ಟ್ರೀಯ ಪಿಂಚಣಿ ಯೋಜನೆಗೆ 50 ಸಾವಿರ, ಆರೋಗ್ಯ ವಿಮೆಗೆ 25 ಸಾವಿರ, ಸ್ವಂತ ಮನೆಯ ಸಾಲದ ಬಡ್ಡಿ 2 ಲಕ್ಷ, ಎಲ್ಲವನ್ನೂ ಪೂರ್ತಿಯಾಗಿ ಬಳಸಿಕೊಂಡರೂ ತೆರಿಗೆಗೆ ಒಳಪಡುವ ಆದಾಯ 7,75,000. ಸೆಸ್ ಸೇರಿ ತೆರಿಗೆ 70,200. ಹೊಸ ಪದ್ಧತಿಯಲ್ಲಿ ಒಂದು ಪಾಲಿಸಿಯನ್ನೂ ಕೊಳ್ಳದೆ ಸೊನ್ನೆ. ವಿಮೆ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಕುಟುಂಬದ ಭದ್ರತೆಗೆ ಅದು ಬೇಕೇ ಬೇಕು. ಆದರೆ ತೆರಿಗೆ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಮಾರ್ಚ್ ಕೊನೆಯ ವಾರದಲ್ಲಿ, ಪರಿಚಯದ ಏಜೆಂಟರ ದಾಕ್ಷಿಣ್ಯಕ್ಕೆ ಪಾಲಿಸಿ ಕೊಳ್ಳುವ ರೂಢಿಗೆ ಈಗ ಅರ್ಥವಿಲ್ಲ. ಆದಾಯ ಇದಕ್ಕಿಂತ ಬಹಳ ಹೆಚ್ಚಾಗಿದ್ದು ಕಡಿತಗಳೂ ಬಹಳವಾಗಿದ್ದರೆ ಮಾತ್ರ ಎರಡನ್ನೂ ಲೆಕ್ಕ ಹಾಕಿ ನೋಡುವುದು ಒಳಿತು.

ಸಂಬಳದವರು ಪ್ರತಿ ವರ್ಷವೂ ಪದ್ಧತಿಯನ್ನು ಬದಲಾಯಿಸಿಕೊಳ್ಳಬಹುದು. ವ್ಯಾಪಾರದ ಆದಾಯವಿರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಹಳೆಯ ಪದ್ಧತಿಗೆ ಹೋಗಬೇಕಾದರೆ ರಿಟರ್ನಿನ ನಿಗದಿತ ದಿನದೊಳಗೆ ಅರ್ಜಿ ಸಲ್ಲಿಸಬೇಕು. ಹೋದವರು ಹೊಸದಕ್ಕೆ ಒಮ್ಮೆ ಮಾತ್ರ ಮರಳಬಹುದು. ಮರಳಿದ ಮೇಲೆ ವ್ಯಾಪಾರ ನಡೆಯುತ್ತಿರುವವರೆಗೆ ಮತ್ತೆ ಹಳೆಯದರ ಬಾಗಿಲು ತೆರೆಯದು.

ಪಾಲುದಾರಿಕೆಯ ಹೋಟೆಲುಗಳು

ಊರಿನಿಂದ ಬಂದ ಅಣ್ಣತಮ್ಮಂದಿರು, ಭಾವಮೈದುನರು ಸೇರಿ ಪಾಲುದಾರಿಕೆಯಲ್ಲಿ ಹೋಟೆಲು ನಡೆಸುವುದು ನಮ್ಮವರಲ್ಲಿ ಹಿಂದಿನಿಂದ ಬಂದ ರೀತಿ. ತೆರಿಗೆ ಹೆಚ್ಚಾಗಿ ಸೋರುವುದು ಇಲ್ಲಿಯೇ ಎಂದು ನಾವು ತಿಳಿಯುತ್ತೇವೆ. ಏಕೆಂದರೆ ಪಾಲುದಾರಿಕೆ ಸಂಸ್ಥೆಗೆ 4 ಲಕ್ಷದ ವಿನಾಯಿತಿಯಿಲ್ಲ, 12 ಲಕ್ಷದ ರಿಯಾಯಿತಿಯೂ ಇಲ್ಲ. ಮೊದಲ ರೂಪಾಯಿಯಿಂದಲೇ ಶೇಕಡಾ 30, ಸೆಸ್ ಸೇರಿ 31.2. ಇದಕ್ಕೆ ಕಾನೂನೇ ಕೊಟ್ಟಿರುವ ಪರಿಹಾರವೆಂದರೆ ಪಾಲುದಾರರಿಗೆ ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ 12ರವರೆಗೆ ಬಡ್ಡಿಯನ್ನೂ, ದುಡಿಯುವ ಪಾಲುದಾರರಿಗೆ ಸಂಬಳವನ್ನೂ ಕೊಟ್ಟು ಸಂಸ್ಥೆಯ ಲಾಭದಿಂದ ಕಳೆಯುವುದು. 2024-25ರಿಂದ ಸಂಬಳದ ಮಿತಿ ಹೆಚ್ಚಾಗಿದೆ: ಪುಸ್ತಕಲಾಭದ ಮೊದಲ 6 ಲಕ್ಷಕ್ಕೆ ಶೇಕಡಾ 90 ಅಥವಾ 3 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದು, ಉಳಿದದ್ದಕ್ಕೆ ಶೇಕಡಾ 60.

ಬಡ್ಡಿ ಕಳೆದ ಮೇಲೆ ಪುಸ್ತಕಲಾಭ 12 ಲಕ್ಷವಿರುವ ಇಬ್ಬರು ಪಾಲುದಾರರ ಹೋಟೆಲನ್ನು ತೆಗೆದುಕೊಳ್ಳೋಣ. ಸಂಬಳದ ಏರ್ಪಾಡಿಲ್ಲದಿದ್ದರೆ ಸಂಸ್ಥೆ ಕಟ್ಟುವ ತೆರಿಗೆ 3,74,400. ಏರ್ಪಾಡಿದ್ದರೆ 9 ಲಕ್ಷವನ್ನು ಸಂಬಳವಾಗಿ ಕಳೆದು ಉಳಿದ 3 ಲಕ್ಷಕ್ಕೆ 93,600 ಮಾತ್ರ. ಇಬ್ಬರ ಕೈಗೂ ಬರುವ ನಾಲ್ಕೂವರೆ ಲಕ್ಷ, ಬಡ್ಡಿ ಮತ್ತು ಇತರ ಆದಾಯ ಸೇರಿ 12 ಲಕ್ಷದೊಳಗಿದ್ದರೆ, ಹೊಸ ಪದ್ಧತಿಯಲ್ಲಿ ಅವರಿಗೂ ತೆರಿಗೆಯಿಲ್ಲ. ಉಳಿತಾಯ 2,80,800 ರೂಪಾಯಿ. ಆದರೆ ಈ ಸಂಬಳವನ್ನೂ ಬಡ್ಡಿಯನ್ನೂ ಪಾಲುದಾರಿಕೆ ಪತ್ರದಲ್ಲಿ ಬರೆದಿರಲೇಬೇಕು. ಮೊತ್ತವನ್ನೋ ಲೆಕ್ಕ ಹಾಕುವ ಕ್ರಮವನ್ನೋ ಸ್ಪಷ್ಟಪಡಿಸಿರಬೇಕು. ತಂದೆಯವರ ಕಾಲದಲ್ಲಿ ಬರೆಸಿದ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ನೋಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಹಳೆಯ ಮಿತಿಯ ಅಂಕಿಗಳನ್ನೇ ಬರೆದಿದ್ದರೆ ತಿದ್ದುಪಡಿ ಪತ್ರ ಮಾಡಿಸಬೇಕು. ತಿದ್ದುಪಡಿ ಮುಂದಿನ ಅವಧಿಗೆ ಅನ್ವಯವಾಗುವುದೇ ಹೊರತು ಕಳೆದ ವರ್ಷಕ್ಕಲ್ಲ.

ಇದರೊಂದಿಗೆ ಎರಡು ಸೂಕ್ಷ್ಮಗಳಿವೆ. ಪಾಲುದಾರಿಕೆ ಸಂಸ್ಥೆಯೂ ಅಂದಾಜು ಪದ್ಧತಿಯನ್ನು ಆರಿಸಿಕೊಳ್ಳಬಹುದಾದರೂ, ಹಾಗೆ ಬಂದ ಲಾಭದಿಂದ ಪಾಲುದಾರರ ಸಂಬಳ ಬಡ್ಡಿಗಳನ್ನು ಕಳೆಯುವ ಅವಕಾಶ 2016-17ರಿಂದ ಇಲ್ಲ. 2 ಕೋಟಿಯ ವಹಿವಾಟಿಗೆ ಶೇಕಡಾ 6 ಎಂದರೆ 12 ಲಕ್ಷ. ಅದರ ಮೇಲೆ ಪೂರ್ತಿ 31.2. ಒಬ್ಬರೇ ಮಾಲೀಕರಿಗೆ ಸೊನ್ನೆ ತೆರಿಗೆಯನ್ನು ಕೊಟ್ಟ ಪದ್ಧತಿಯೇ ಪಾಲುದಾರರಿಗೆ ದುಬಾರಿ. ಅಂಥವರು ಪುಸ್ತಕವಿಡುವುದೇ ಲೇಸು. ನಗದು ಜಮೆ ಮತ್ತು ನಗದು ಖರ್ಚು ಎರಡೂ ಶೇಕಡಾ 5ರೊಳಗಿದ್ದರೆ ಸಾಮಾನ್ಯವಾಗಿ 10 ಕೋಟಿ ವಹಿವಾಟಿನವರೆಗೆ ಆಡಿಟ್ ಕೂಡ ಬೇಕಾಗುವುದಿಲ್ಲ. ಇಲ್ಲವಾದರೆ ಆ ಮಿತಿ 1 ಕೋಟಿ. ಎರಡನೆಯದಾಗಿ, 2025ರ ಏಪ್ರಿಲ್‌ನಿಂದ ಪಾಲುದಾರನಿಗೆ ವರ್ಷಕ್ಕೆ 20 ಸಾವಿರಕ್ಕಿಂತ ಹೆಚ್ಚಾಗಿ ಕೊಡುವ ಸಂಬಳ ಬಡ್ಡಿಗಳ ಮೇಲೆ ಸಂಸ್ಥೆ ಶೇಕಡಾ 10ರ ಟಿಡಿಎಸ್ ಹಿಡಿಯಬೇಕು. ಪಾಲುದಾರರು ರಿಟರ್ನ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು; ಸಲ್ಲಿಸದಿದ್ದರೆ ಆ ಹಣ ಸರಕಾರದಲ್ಲಿಯೇ ಉಳಿಯುತ್ತದೆ.

ಕುಟುಂಬದವರಿಗೆ ಸಂಬಳ ಕೊಡುವ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಗಲ್ಲದ ಮೇಲೆ ಕೂರುವ ತಮ್ಮನಿಗೋ ವಯಸ್ಸಿಗೆ ಬಂದ ಮಗನಿಗೋ ಕೆಲಸಕ್ಕೆ ತಕ್ಕ ಸಂಬಳ ಕೊಟ್ಟರೆ ಅದು ಖರ್ಚು. ಅವರ ಕೈಯಲ್ಲಿ ಅದು ಅವರ ಆದಾಯ. ಪತ್ನಿಗೆ ಕೊಟ್ಟ ಸಂಬಳ ಮಾತ್ರ, ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಅವರಿಗಿಲ್ಲದಿದ್ದರೆ, ತಿರುಗಿ ಪತಿಯ ಆದಾಯಕ್ಕೇ ಸೇರುತ್ತದೆ. ಬೆಳಗಿನ ಐದು ಗಂಟೆಗೆ ಎದ್ದು ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ನೋಡುವ ಗೃಹಿಣಿಯ ಅನುಭವವನ್ನು ಅರ್ಹತೆಯೆಂದು ಒಪ್ಪಿಸುವುದು ಸುಲಭವಲ್ಲ. ಇದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಅವರನ್ನು ತಮ್ಮ ಸ್ವಂತ ಹಣದಿಂದ ಬಂಡವಾಳ ಹೂಡಿದ ನಿಜವಾದ ಪಾಲುದಾರರನ್ನಾಗಿ ಮಾಡಿಕೊಳ್ಳುವ ಯೋಚನೆಯಿದ್ದರೆ ಮೊದಲು ಪರಿಣತರೊಡನೆ ಸಮಾಲೋಚಿಸುವುದು ಒಳ್ಳೆಯದು. ಪಿತ್ರಾರ್ಜಿತ ವ್ಯಾಪಾರವಾದರೆ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪ್ರತ್ಯೇಕ ಪ್ಯಾನ್ ಪಡೆದು 4 ಲಕ್ಷದ ಪ್ರತ್ಯೇಕ ವಿನಾಯಿತಿ ಪಡೆಯಬಹುದು. 12 ಲಕ್ಷದ ರಿಯಾಯಿತಿ ಕುಟುಂಬಕ್ಕೆ ಇಲ್ಲ.

ಪುಸ್ತಕವಿಡುವವರು ಗಮನಿಸಬೇಕಾದದ್ದು

ಕೋಯಂಬೇಡಿನ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವಾಗ ಕೈಯಲ್ಲಿ ನಗದು ಇಟ್ಟುಕೊಂಡೇ ಹೋಗುವುದು ಹಳೆಯ ಅಭ್ಯಾಸ. ಒಬ್ಬನೇ ವ್ಯಾಪಾರಿಗೆ ಒಂದು ದಿನದಲ್ಲಿ 10 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಬೆಳೆದ ರೈತನಿಗೇ ನೇರವಾಗಿ ಕೊಟ್ಟರೆ ವಿನಾಯಿತಿ ಉಂಟು. ಮಂಡಿಯ ವರ್ತಕನಿಗೆ ಕೊಟ್ಟರೆ ಇಲ್ಲ. ಲಾರಿ ಬಾಡಿಗೆಯಾದರೆ ಮಿತಿ 35 ಸಾವಿರ. ಯಂತ್ರಸಾಮಗ್ರಿಗೂ ಹೀಗೆಯೇ: 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಆ ಹಣಕ್ಕೆ ಸವಕಳಿ ಸಿಕ್ಕದು.

ಸವಕಳಿಯ ಮಾತು ಬಂದದ್ದರಿಂದ ಒಂದು ಸಣ್ಣ ಸಲಹೆ. ಗ್ರೈಂಡರು, ಫ್ರಿಜ್ಜು, ಕಾಫಿ ಯಂತ್ರಗಳಿಗೆ ವರ್ಷಕ್ಕೆ ಶೇಕಡಾ 15, ಮೇಜು ಕುರ್ಚಿಗಳಿಗೆ 10, ಬಿಲ್ಲು ಹಾಕುವ ಕಂಪ್ಯೂಟರಿಗೆ 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ಮಾತ್ರ. ಆದ್ದರಿಂದ ಗಾಂಧಿ ಜಯಂತಿಯೊಳಗೆ ಯಂತ್ರ ಕೆಲಸಕ್ಕೆ ನಿಲ್ಲಬೇಕು. ಹೊಸ ಯಂತ್ರವನ್ನು ಆಯುಧಪೂಜೆಗೆ ತರುವುದು ನಮ್ಮಲ್ಲಿ ಸಂಪ್ರದಾಯ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ರಂದೇ ಬಂದಿತ್ತು, ತೊಂದರೆಯಿರಲಿಲ್ಲ. ನವರಾತ್ರಿ ತಡವಾಗಿ ಬರುವ ವರ್ಷಗಳಲ್ಲಿ ಯಂತ್ರವನ್ನು ಮೊದಲೇ ತಂದು ಬಳಸಲು ತೊಡಗಿ, ಹೂವು ಕುಂಕುಮವನ್ನು ಹಬ್ಬದ ದಿನ ಏರಿಸಿದರೆ ಎರಡೂ ಕಡೆ ಸಲ್ಲುತ್ತದೆ.

ಸಿಬ್ಬಂದಿಯ ಭವಿಷ್ಯನಿಧಿ ಮತ್ತು ಇಎಸ್‌ಐಗೆ ಅವರ ಸಂಬಳದಿಂದ ಹಿಡಿದ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಒಂದು ದಿನ ತಡವಾದರೂ ಆ ಮೊತ್ತ ಮಾಲೀಕರ ಆದಾಯವೆನಿಸಿ, ಆಮೇಲೆ ಕಟ್ಟಿದರೂ ಕಡಿತ ದೊರೆಯದೆಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ. ತೆರಿಗೆಯ ಲೆಕ್ಕ ಹಾಗಿರಲಿ. ಊರು ಬಿಟ್ಟು ಬಂದ ಮಾಣಿಯ ಸಂಬಳದಿಂದ ಹಿಡಿದ ಹಣ ಅದು. ಇದಕ್ಕೆ ಎದುರಾಗಿ, ಆಡಿಟ್ಟಿಗೆ ಒಳಪಟ್ಟ ಸಂಸ್ಥೆ ಹೊಸದಾಗಿ ನೌಕರರನ್ನು ಸೇರಿಸಿಕೊಂಡರೆ, ತಿಂಗಳಿಗೆ 25 ಸಾವಿರದವರೆಗಿನ ಸಂಬಳದವರ ವಿಷಯದಲ್ಲಿ, ಹೆಚ್ಚುವರಿ ಸಂಬಳದ ಶೇಕಡಾ 30ನ್ನು 3 ವರ್ಷ ಹೆಚ್ಚಾಗಿ ಕಳೆಯಲು 80ಜೆಜೆಎಎ ಕಲಮಿನಲ್ಲಿ ಅವಕಾಶವಿದೆ. ನೌಕರರ ಒಟ್ಟು ಸಂಖ್ಯೆ ಹೆಚ್ಚಿರಬೇಕು, ಅವರಿಗೆ ಭವಿಷ್ಯನಿಧಿ ಇರಬೇಕು, ಸಂಬಳ ಬ್ಯಾಂಕಿನ ಮೂಲಕ ಹೋಗಿರಬೇಕು. ಹೊಸ ತೆರಿಗೆ ಪದ್ಧತಿಯಲ್ಲಿಯೂ ಉಳಿದುಕೊಂಡಿರುವ ಕೆಲವೇ ಕಡಿತಗಳಲ್ಲಿ ಇದೊಂದು.

ಕಿರು ಮತ್ತು ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಪಡೆದ ತಯಾರಕರಿಗೆ ಅಥವಾ ಸೇವೆ ಒದಗಿಸುವವರಿಗೆ ಹಣವನ್ನು ಬಾಕಿ ಉಳಿಸಿಕೊಳ್ಳುವುದೂ 2023-24ರಿಂದ ದುಬಾರಿಯಾಗಿದೆ. ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅದರೊಳಗೆ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚು ಲೆಕ್ಕಕ್ಕೆ ಬರುತ್ತದೆ. ಕಾಫಿಬೀಜ ಹುರಿದು ಪುಡಿಮಾಡಿ ಹೋಟೆಲುಗಳಿಗೆ ಒದಗಿಸುವ ನಮ್ಮವರಿಗೆ ಇದೇ ನಿಯಮ ವರದಾನ. ನೋಂದಣಿ ಉಚಿತ, ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಮಾರ್ಚ್‌ನಲ್ಲಿ ಬಾಕಿಗಳು ತಾವಾಗಿಯೇ ಬರಬಹುದು. ಅಂದಾಜು ಪದ್ಧತಿಯಲ್ಲಿರುವವರಿಗೆ ನಗದಿನ, ಬಾಕಿಯ ಈ ಕಟ್ಟುಪಾಡುಗಳ ಚಿಂತೆಯಿಲ್ಲ.

ಕನ್ನಡ ಸಂಘಗಳಿಗೆ ಸಂಬಂಧಿಸಿದ ಮಾತೂ ಒಂದಿದೆ. ಹೊಸ ಪದ್ಧತಿಯಲ್ಲಿ ದೇಣಿಗೆಗೆ 80ಜಿ ಕಡಿತವಿಲ್ಲ. ಆದರೆ ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಹೋಟೆಲಿನ ಹೆಸರಿನಲ್ಲಿ ಕೊಡುವ ಜಾಹೀರಾತು ದೇಣಿಗೆಯಲ್ಲ, ವ್ಯಾಪಾರದ ಖರ್ಚು. ಪುಸ್ತಕವಿಡುವವರು ಅದನ್ನು ಪೂರ್ತಿಯಾಗಿ ಕಳೆಯಬಹುದು. ರಾಜಕೀಯ ಪಕ್ಷಗಳ ಸಂಚಿಕೆಗೆ ಕೊಟ್ಟ ಜಾಹೀರಾತಿಗೆ ಮಾತ್ರ ಈ ಅವಕಾಶವಿಲ್ಲ.

ಜಿಎಸ್‌ಟಿ, ಬಾಡಿಗೆ, ಮತ್ತು ಬೆಂಗಳೂರಿನ ನೋಟೀಸುಗಳು

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದ್ದು ಓದುಗರಿಗೆ ನೆನಪಿರಬಹುದು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಯುಪಿಐ ಫಲಕಗಳು ಮರೆಯಾಗಿ ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು. ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಸರಕಾರ ಆ ತಿಂಗಳಲ್ಲೇ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ಆ ಭಯ ಇಲ್ಲಿನ ನಮ್ಮವರನ್ನೂ ತಟ್ಟಿರುವುದು ಸಹಜ. ನಗದಿಗೆ ಹಿಂದಿರುಗುವುದು ಇದಕ್ಕೆ ಪರಿಹಾರವಲ್ಲವೆಂದು ಮೇಲಿನ 6 ಮತ್ತು 8ರ ಲೆಕ್ಕವೇ ತೋರಿಸುತ್ತದೆ. ಜಿಎಸ್‌ಟಿ ಹೊಣೆ ಹಣ ಹೇಗೆ ಬಂದರೂ ಒಂದೇ. ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ, ಎರಡಕ್ಕೂ ಬೇರೆ ಬೇರೆ ಕ್ಯೂಆರ್ ಫಲಕ. ಇದು ಇಂದೇ ಮಾಡಬಹುದಾದ ಕೆಲಸ. ಮಗಳು ಬೆಂಗಳೂರಿನಿಂದ ಕಳುಹಿಸಿದ ಹಣ, ಸ್ನೇಹಿತರು ತೀರಿಸಿದ ಕೈಸಾಲ, ಚೀಟಿಯ ಹಣ ಎಲ್ಲವೂ ಅಂಗಡಿಯ ಖಾತೆಗೇ ಬಂದರೆ ಇಲಾಖೆಯ ಕಣ್ಣಿಗೆ ಅದೆಲ್ಲ ವ್ಯಾಪಾರವೇ.

ಸರಕು ಮಾರುವವರಿಗೆ ತಮಿಳುನಾಡಿನಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹೋಟೆಲಿನ ಊಟ ತಿಂಡಿ ಸೇವೆಯೆಂದೇ ಪರಿಗಣಿತ. ಹಪ್ಪಳದಂತಹ ತೆರಿಗೆಯಿಲ್ಲದ ಪದಾರ್ಥವನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಉಪ್ಪಿನಕಾಯಿಯಂತಹ ತೆರಿಗೆಯುಳ್ಳ ಸರಕನ್ನು ಚೆನ್ನೈನಿಂದ ಬೆಂಗಳೂರಿನ ಗಿರಾಕಿಗೆ ಮಾರಿ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ. ಮೊತ್ತ ಎಷ್ಟೇ ಸಣ್ಣದಾಗಿದ್ದರೂ ನೋಂದಣಿ ಕಡ್ಡಾಯ. ಮನೆಯಲ್ಲಿ ಉದ್ಯಮ ನಡೆಸುವ ಮಹಿಳೆಯರು ಇದನ್ನು ಮರೆಯಬಾರದು.

ಸಣ್ಣ ಹೋಟೆಲಿನವರು ಆಲೋಚಿಸಬೇಕಾದ ದೊಡ್ಡ ಪ್ರಶ್ನೆ ಬಾಡಿಗೆಯದು. ಸಾಮಾನ್ಯ ಪದ್ಧತಿಯ ಹೋಟೆಲು ಗಿರಾಕಿಯಿಂದ ಶೇಕಡಾ 5 ವಸೂಲು ಮಾಡಿ ಕಟ್ಟುತ್ತದೆ. ತಾನು ಕೊಂಡದ್ದರ ಮೇಲಿನ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. 2024ರ ಅಕ್ಟೋಬರ್ 10ರಿಂದ, ಕಟ್ಟಡದ ಮಾಲೀಕರು ಜಿಎಸ್‌ಟಿ ನೋಂದಣಿ ಪಡೆಯದವರಾಗಿದ್ದರೆ ವಾಣಿಜ್ಯ ಬಾಡಿಗೆಯ ಮೇಲಿನ ಶೇಕಡಾ 18ನ್ನು ಬಾಡಿಗೆದಾರನೇ ಕಟ್ಟಬೇಕು. ತಿಂಗಳಿಗೆ 1 ಲಕ್ಷ ಬಾಡಿಗೆಯ ಹೋಟೆಲಿಗೆ ಇದು ವರ್ಷಕ್ಕೆ 2,16,000 ರೂಪಾಯಿಯ ಹೊಸ ಹೊರೆ. ವಹಿವಾಟು ಒಂದೂವರೆ ಕೋಟಿಯೊಳಗಿರುವ ಹೋಟೆಲುಗಳಿಗೆ ಕಾಂಪೊಸಿಷನ್ ಎಂಬ ರಾಜಿ ಪದ್ಧತಿಯಿದೆ. ಅದರಲ್ಲಿ ಇರುವವರಿಗೆ ಬಾಡಿಗೆಯ ಈ ಹೊರೆಯಿಂದ 2025ರ ಜನವರಿ 16ರಿಂದ ವಿನಾಯಿತಿ ದೊರೆತಿದೆ. ಅಲ್ಲಿಯೂ ದರ ಶೇಕಡಾ 5, ಆದರೆ ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ಕೈಯಿಂದ ಕಟ್ಟಬೇಕು. ಗೋಡೆಯ ದರಪಟ್ಟಿಯಲ್ಲಿ ತೆರಿಗೆಯನ್ನು ಸೇರಿಸಿಯೇ ಬೆಲೆ ಬರೆಯುವ ಕಾಫಿ ತಿಂಡಿಯ ಹೋಟೆಲುಗಳಿಗೆ ಇದರಿಂದ ನಷ್ಟವೇನೂ ಇಲ್ಲ, ಬಾಡಿಗೆಯ ಹೊರೆ ಉಳಿಯುತ್ತದೆ ಎಂಬುದು ನಮ್ಮ ಅಭಿಮತ. ಪದ್ಧತಿಯ ಬದಲಾವಣೆಯನ್ನು ಹಣಕಾಸು ವರ್ಷ ಆರಂಭವಾಗುವ ಮುನ್ನವೇ ಕೋರಿಕೊಳ್ಳಬೇಕು. ಸ್ವಿಗ್ಗಿ, ಜೊಮಾಟೊಗಳ ಮೂಲಕವೂ ಮಾರುವವರು ಈ ಹೆಜ್ಜೆ ಇಡುವ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ಕೇಳಬೇಕು. ಆ ಕಂಪನಿಗಳ ಮೂಲಕ ಹೋದ ಊಟಕ್ಕೆ 2022ರ ಜನವರಿ 1ರಿಂದ ಅವರೇ ಜಿಎಸ್‌ಟಿ ಕಟ್ಟುತ್ತಾರೆ. ಅದೇ ಮಾರಾಟಕ್ಕೆ ಎರಡು ಸಲ ಕಟ್ಟಿದವರಿದ್ದರೆ ಲೆಕ್ಕ ತೆಗೆದು ನೋಡಿಕೊಳ್ಳಲಿ. ಅವರು ಆದಾಯ ತೆರಿಗೆಗಾಗಿ ಹಿಡಿಯುವ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇಕಡಾ 0.1, ಸಣ್ಣ ಮೊತ್ತವೆಂದು ಬಿಡದೆ ರಿಟರ್ನಿನಲ್ಲಿ ಕೇಳಿ ಪಡೆಯಬೇಕು.

ಕೊನೆಯದಾಗಿ ನಗರಪಾಲಿಕೆಯ ತೆರಿಗೆಗಳು. ವೃತ್ತಿ ತೆರಿಗೆಯನ್ನು ಚೆನ್ನೈ ಪಾಲಿಕೆ ಅರ್ಧವರ್ಷಕ್ಕೊಮ್ಮೆ ಪಡೆಯುತ್ತದೆ. ಅತಿ ಹೆಚ್ಚೆಂದರೆ ಅರ್ಧವರ್ಷಕ್ಕೆ 1,250 ರೂಪಾಯಿ, ಮಾಲೀಕರು ತಮಗಾಗಿ ಕಟ್ಟಿದ್ದು ವ್ಯಾಪಾರದ ಖರ್ಚು. ಸ್ವಂತ ಕಟ್ಟಡವಿರುವವರು ಆಸ್ತಿ ತೆರಿಗೆಯನ್ನು ಅರ್ಧವರ್ಷ ತೊಡಗಿದ 30 ದಿನಗಳಲ್ಲಿ, ಅಂದರೆ ಏಪ್ರಿಲ್ ತಿಂಗಳಲ್ಲಿಯೇ ಕಟ್ಟಿದರೆ ಶೇಕಡಾ 5, ಹೆಚ್ಚೆಂದರೆ 5 ಸಾವಿರ ರೂಪಾಯಿ, ಪ್ರೋತ್ಸಾಹಕವಾಗಿ ಕಡಿಮೆಯಾಗುತ್ತದೆ. ಅಕ್ಟೋಬರ್‌ನಲ್ಲಿ ಆರಂಭವಾಗುವ ಎರಡನೆಯ ಅರ್ಧವರ್ಷಕ್ಕೂ ಇದೇ ಕ್ರಮ.